ಅಂಗಳದ ಕೊಳ, ಪುಟ್ಟ ಮಗು ಮತ್ತು ಭೌತವಿಜ್ಞಾನ

ಮನೆಯ ಕೈತೋಟದಲ್ಲೊಂದು ಪುಟ್ಟ ಕೊಳ. ಅದರಲ್ಲಿ ಒಂದೆರಡು ನೈದಿಲೆ, ನಾಲ್ಕಾರು ಬಣ್ಣದ ಮೀನು, ಅಂಚಿನಲ್ಲಿ ಕುಳಿತ ಕಪ್ಪೆ. ಜೀವಲೋಕವನ್ನು ಮಕ್ಕಳಿಗೆ ಪರಿಚಯಿಸಲು ಇದು ಒಳ್ಳೆಯ ತಾಣ. ಆದರೆ ಇದೇ ಕೊಳ ಒಂದರಿಂದ ನಾಲ್ಕು ವರ್ಷದ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷ ತುಂಬದ ಮಕ್ಕಳು.

"ನಮ್ಮ ಕೊಳದಲ್ಲಿ ಮೊಣಕಾಲುದ್ದ ನೀರೂ ಇಲ್ಲ, ಸುತ್ತ ಕಟ್ಟೆ ಬೇರೆ ಇದೆ" ಎಂದು ನೀವು ಹೇಳಬಹುದು. ಈ ಎರಡು ಸಮಾಧಾನಗಳು ಎಷ್ಟು ಗಟ್ಟಿ ಎಂದು ನೋಡೋಣ.

ತಲೆಯ ಭಾರ

ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಕಾಲುಭಾಗದಷ್ಟಿರುತ್ತದೆ. ಎರಡು ವರ್ಷದ ವೇಳೆಗೆ ಇದು ಐದನೆಯ ಒಂದು ಭಾಗವಾಗುತ್ತದೆ. ವಯಸ್ಕರಲ್ಲಿ ಎಂಟನೆಯ ಒಂದು ಭಾಗದ ಆಸುಪಾಸು. ತಲೆ ದೊಡ್ಡದಾದ್ದರಿಂದ ಮಗುವಿನ ಗುರುತ್ವ ಕೇಂದ್ರ ದೇಹದಲ್ಲಿ ಮೇಲಕ್ಕಿರುತ್ತದೆ. 85 ಸೆಂಮೀ ಎತ್ತರದ ಮಗುವಿನಲ್ಲಿ ಅದು ನೆಲದಿಂದ 45–50 ಸೆಂಮೀ ಎತ್ತರದಲ್ಲಿರುತ್ತದೆ.

ಈಗ ಕೊಳದ ಕಟ್ಟೆ 30 ಸೆಂಮೀ ಎತ್ತರವಿದೆ ಎನ್ನೋಣ. ಹೂವನ್ನು ಕೀಳಲು ಮಗು ಕಟ್ಟೆಯ ಮೇಲೆ ಬಾಗುತ್ತದೆ. ಕಾಲು ಕಟ್ಟೆಯಿಂದಾಚೆ, ತಲೆ ಮತ್ತು ತೋಳು ನೀರಿನ ಮೇಲೆ. ಗುರುತ್ವ ಕೇಂದ್ರ ಕಟ್ಟೆಯ ಅಂಚನ್ನು ದಾಟಿದ ಕ್ಷಣ ಮಗುವಿನ ತೂಕವೇ ಅದನ್ನು ಮಗುಚುತ್ತದೆ. ಗುರುತ್ವ ಕೇಂದ್ರಕ್ಕಿಂತ ತಗ್ಗಾದ ಕಟ್ಟೆ ತಡೆಯಲ್ಲ, ಸನ್ನೆಗೋಲಿನ ಆನಿಕೆ! ಕಟ್ಟೆಯಿಲ್ಲದಿದ್ದರೆ ಕಾಲು ಮುಂದಾಗಿ ಇಳಿಯುತ್ತಿದ್ದ ಮಗು, ತಗ್ಗು ಕಟ್ಟೆಯಿದ್ದರೆ ತಲೆ ಮುಂದಾಗಿ ಬೀಳುತ್ತದೆ. ಬಚ್ಚಲಿನಲ್ಲಿ ತುಂಬಿಟ್ಟ ಬಕೆಟ್ಟಿನಲ್ಲಿ ಮಕ್ಕಳು ಮುಳುಗುವುದೂ ಹೀಗೆಯೇ.

ಮುಖ ನೀರಿಗೆ ತಾಗಿದ ಮೇಲೆ ಆಳದ ಪ್ರಶ್ನೆ ಮುಖ್ಯವಲ್ಲ. ಮೂಗು, ಬಾಯಿ ಮುಚ್ಚಲು 5 ಸೆಂಮೀ ನೀರು ಸಾಕು. ಪಾಚಿ ಕಟ್ಟಿದ ತಳದಲ್ಲಿ ಕೈಯೂರಿ ಭಾರದ ತಲೆಯನ್ನು ಎತ್ತುವ ಶಕ್ತಿ ಆ ವಯಸ್ಸಿಗಿಲ್ಲ. ಬಾಯಿ ನೀರಿನಲ್ಲಿರುವುದರಿಂದ ಕೂಗುವುದೂ ಸಾಧ್ಯವಿಲ್ಲ. ಆದ್ದರಿಂದ "ಬಿದ್ದರೆ ಶಬ್ದ ಕೇಳಿಸುತ್ತದೆ" ಎಂದು ನಂಬಬೇಡಿ.

ಕಣ್ಣಿಗಾಗುವ ಮೋಸ

ನೀರಿನ ವಕ್ರೀಭವನಾಂಕ 1.33. ಹಾಗಾಗಿ 60 ಸೆಂಮೀ ಆಳದ ಕೊಳವನ್ನು ನೇರ ಮೇಲಿನಿಂದ ನೋಡಿದಾಗ ತಳ 45 ಸೆಂಮೀ ಆಳದಲ್ಲಿದ್ದಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲಕ್ಕೆ. ಅಂತರಗಂಗೆ ಹರಡಿದ್ದರಂತೂ ಮಗುವಿಗೆ ಅದು ನೀರೇ ಅಲ್ಲ, ಹಸುರು ಹಾಸು.

ಬಲೆ ಹರಡಿದರೆ ಸಾಕೆ?

ಹಲವರು ಕೊಳದ ಮೇಲೆ ನೈಲಾನ್ ಬಲೆ ಕಟ್ಟಿ ನಿಶ್ಚಿಂತರಾಗುತ್ತಾರೆ. ಸಣ್ಣದೊಂದು ಲೆಕ್ಕ ಮಾಡೋಣ. ಕೊಳದ ಅಗಲ 2 ಮೀ. ನಡುವೆ 15 ಕಿಗ್ರಾಂ ತೂಕದ ಮಗು ಬಿದ್ದಾಗ ದಾರ 5 ಸೆಂಮೀಗಿಂತ ಹೆಚ್ಚು ಜಗ್ಗಬಾರದು. ದಾರದ ಪ್ರತಿ ಅರ್ಧವೂ 1 ಮೀ ಉದ್ದ. ಅದು ಕೆಳಕ್ಕೆ ವಾಲುವುದು 5 ಸೆಂಮೀ, ಅಂದರೆ ಇಪ್ಪತ್ತನೆಯ ಒಂದು ಭಾಗ. ದಾರದ ಎಳೆತದಲ್ಲಿ ಇಷ್ಟು ಭಾಗ ಮಾತ್ರ ಮೇಲ್ಮುಖವಾಗಿ ವರ್ತಿಸುತ್ತದೆ. ಎರಡೂ ಬದಿ ಸೇರಿ ಮಗುವನ್ನು ಹೊರಬೇಕಾದರೆ ದಾರದ ಎಳೆತ ಮಗುವಿನ ತೂಕದ ಹತ್ತು ಪಟ್ಟು, 150 ಕಿಗ್ರಾಂ ತೂಕದಷ್ಟು ಇರಬೇಕು! ಮೊಳೆಗೆ ಸಿಕ್ಕಿಸಿದ ಬಲೆಗೆ ಇದು ಅಸಾಧ್ಯ. ಅದು ಜಗ್ಗಿ ನೀರಿಗಿಳಿಯುತ್ತದೆ. ಮಗು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಎಲೆ ಬೀಳದಂತೆ ಕಟ್ಟಿದ ಬಲೆ ಮಗುವಿಗೆ ರಕ್ಷಣೆಯಲ್ಲ.

ಬೇಕಾದುದು ಬಾಗದ ಕಬ್ಬಿಣದ ಜಾಲರಿ. ಅದರ ಕಿಂಡಿ 8 ಸೆಂಮೀ ಮೀರಬಾರದು, ಮುಖ ತೂರುವಂತಿರಬಾರದು. ಸರಳೊಂದರ ನಡುವೆ ಭಾರವಿಟ್ಟಾಗ ಅದು ಬಾಗುವ ಪ್ರಮಾಣ ಆಧಾರಗಳ ನಡುವಣ ಅಂತರದ ಘನಕ್ಕೆ ಅನುಗುಣವಾಗಿರುತ್ತದೆ. ಕೊಳದ ಮಧ್ಯೆ ಒಂದು ಆಧಾರ ಕೊಟ್ಟು ಅಂತರವನ್ನು ಅರ್ಧ ಮಾಡಿದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜಾಲರಿ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಮಳೆಗಾಲದಲ್ಲಿ ನೀರು ಅದರ ಮೇಲೇರದಂತೆ ಹೊರಹರಿವಿನ ಕೊಳವೆ ಇರಲಿ. 50 ಕಿಗ್ರಾಂ ಮರಳಿನ ಚೀಲವನ್ನು ನಡುವೆ ಇಟ್ಟು ಪರೀಕ್ಷಿಸಿ. ಜಾಲರಿ ನೀರಿಗೆ ತಾಗಿದರೆ ಆಧಾರ ಸಾಲದು.

ಬೇಲಿಯ ಅಳತೆ

ಈಜುಕೊಳಗಳಿಗಾಗಿ ಆಸ್ಟ್ರೇಲಿಯದಲ್ಲಿ ರೂಪಿಸಿದ ಅಳತೆಗಳು ನಮಗೂ ಉಪಯುಕ್ತ. ಬೇಲಿ ನಾಲ್ಕೂ ಕಡೆ ಇರಬೇಕು. ಎತ್ತರ ಕನಿಷ್ಠ 120 ಸೆಂಮೀ. ಸರಳುಗಳ ನಡುವೆ ಮತ್ತು ಬೇಲಿಯ ಕೆಳಗೆ 10 ಸೆಂಮೀಗಿಂತ ಹೆಚ್ಚು ಸಂದು ಕೂಡದು. ಮಗು ಕಾಲಿಟ್ಟು ಹತ್ತುವಂಥ ಅಡ್ಡಪಟ್ಟಿ ಇರಬಾರದು. ಕುಂಡ, ಕುರ್ಚಿಗಳು ಬೇಲಿಯಿಂದ 90 ಸೆಂಮೀ ದೂರ ಇರಲಿ. ಬಾಗಿಲು ಕೊಳದ ಕಡೆಗಲ್ಲ, ಹೊರಕ್ಕೆ ತೆರೆಯಬೇಕು. ಸ್ಪ್ರಿಂಗಿನಿಂದ ತಾನಾಗಿ ಮುಚ್ಚಿಕೊಳ್ಳಬೇಕು. ಚಿಲಕ ನೆಲದಿಂದ 150 ಸೆಂಮೀ ಎತ್ತರದಲ್ಲಿರಲಿ.

ಕೃಷಿ ಹೊಂಡಕ್ಕೆ ಇಂಥ ಬೇಲಿ ಇನ್ನೂ ಅಗತ್ಯ. 45 ಡಿಗ್ರಿ ಇಳಿಜಾರಿನಲ್ಲಿ ಜಾರದೆ ನಿಲ್ಲಲು ಘರ್ಷಣಾಂಕ 1 ಇರಬೇಕು. ಒದ್ದೆಯಾದ ಪ್ಲಾಸ್ಟಿಕ್ ಹಾಳೆಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಆದ್ದರಿಂದ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಟ್ಟಿರಬೇಕು. ಪಟ್ಟಣದ ಮನೆಗಳ ಸಂಪಿಗೆ ಬೀಗವಿರುವ ಗಟ್ಟಿ ಮುಚ್ಚಳವಿರಲಿ. ತುಕ್ಕು ಹಿಡಿದ ತಗಡು ಬೇಡ.

ನೀರು ಕಾಣದ ಕೊಳ

ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಕೆಲವು ವರ್ಷ ಕೊಳವನ್ನು ಬರಿದು ಮಾಡಿ ಮರಳು ತುಂಬುವುದು ಅತ್ಯಂತ ಸುರಕ್ಷಿತ. ನೀರು ಬೇಕೇ ಬೇಕೆಂದರೆ ಕೊಳದ ತುಂಬ ಗುಂಡುಕಲ್ಲು ತುಂಬಿ. ಕಲ್ಲುಗಳ ಸಂದಿನಲ್ಲಿ ಗಾತ್ರದ ಸುಮಾರು 40 ಶೇಕಡ ಜಾಗ ಉಳಿಯುತ್ತದೆ. 1000 ಲೀಟರಿನ ಕೊಳದಲ್ಲಿ ಸುಮಾರು 400 ಲೀಟರ್ ನೀರು ಕಲ್ಲಿನ ಮಟ್ಟದ ಕೆಳಗೇ ಅಡಗಿರುತ್ತದೆ. ಸಣ್ಣ ಪಂಪು ಅದನ್ನು ಚಿಲುಮೆಯಾಗಿ ಚಿಮ್ಮಿಸಬಲ್ಲದು.

ಇಷ್ಟಾದರೂ ಮಗುವಿನ ಮೇಲೆ ದೊಡ್ಡವರೊಬ್ಬರ ಕಣ್ಣಿರಬೇಕು. ಅವಘಡವಾದರೆ ಮಗುವನ್ನು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆಯೊತ್ತಿ ನೀರು ತೆಗೆಯುವುದು ಬೇಡ. ಉಸಿರಾಟ ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರೂದಿ, ಎದೆಯೊತ್ತಬೇಕು. ಜೊತೆಯವರು 108ಕ್ಕೆ ಕರೆ ಮಾಡಬೇಕು. ಈ ಕ್ರಮವನ್ನು ಬಲ್ಲವರಿಂದ ಮೊದಲೇ ಕಲಿತಿರಿ.

ಮಾಡಿ ನೋಡಿ: 10 ಸೆಂಮೀ ಉದ್ದ, ಅಗಲ, ಎತ್ತರದ ಮರದ ತುಂಡೊಂದನ್ನು ತಯಾರಿಸಿ. ನಿಮ್ಮ ಮನೆಯ ಬೇಲಿ, ಗೇಟು, ಮಹಡಿಯ ಕಟಾಂಜನಗಳ ಸಂದಿನಲ್ಲಿ ಅದು ಎಲ್ಲೆಲ್ಲಿ ತೂರುತ್ತದೆ ಎಂದು ಗುರುತಿಸಿ. ಮೊದಲು ಸರಿಪಡಿಸಬೇಕಾದ ಜಾಗಗಳು ಅವೇ.