ನೆತ್ತಿಯಿಂದ ಶುರುವಾಗುವ ಟೋಪಿ

ರಂಜಾನ್ ಬಂತೆಂದರೆ ಹುಬ್ಬಳ್ಳಿಯ ಶಹಾ ಬಜಾರಿನಲ್ಲಿ ಅತ್ತರು, ಖರ್ಜೂರ, ಶಾವಿಗೆಗಳ ನಡುವೆ ಟೋಪಿಗಳ ರಾಶಿಯೂ ಬೀಳುತ್ತದೆ. ಹೆಚ್ಚಿನವು ಯಂತ್ರದ ಹೆಣಿಗೆ. ಕ್ರೋಶಾ ಸೂಜಿಯಿಂದ ಕೈಯಲ್ಲೇ ಹೆಣೆದ ಬಿಳಿ ಟೋಪಿ ಸಿಕ್ಕರೆ ಮಾತ್ರ ಅದನ್ನು ಬೆಳಕಿಗೆ ಹಿಡಿದು ನೋಡಬೇಕು.

ಹೆಣಿಗೆ ಶುರುವಾಗುವುದು ನಡುನೆತ್ತಿಯಿಂದ. ನಾಲ್ಕೈದು ಸರಪಳಿ ಹೆಣಿಗೆ ಹಾಕಿ ಉಂಗುರ ಮಾಡಿ, ಅದರೊಳಗೆ 12 ಕಂಬ, ಅಂದರೆ ಉದ್ದ ಹೆಣಿಗೆ. ಮುಂದಿನ ಸುತ್ತಿಗೆ 24, ಆಮೇಲೆ 36, 48. ಹೀಗೆ ಒಂದೇ ಲೆಕ್ಕದಲ್ಲಿ ಏರಿಸಿದರೆ ಚಕ್ರ ಸಪಾಟಾಗಿ ಹರಡುತ್ತದೆ. ಏರಿಕೆ ಕಡಿಮೆಯಾದರೆ ಬಟ್ಟಲಿನಂತೆ ಒಳಬಾಗುತ್ತದೆ, ಹೆಚ್ಚಾದರೆ ಅಂಚು ನಿರಿಗೆಗಟ್ಟುತ್ತದೆ. ನೆತ್ತಿಯ ಅಗಲ ಮುಟ್ಟಿದ ಮೇಲೆ ಏರಿಸುವುದನ್ನು ಬಿಟ್ಟರೆ ಹೆಣಿಗೆ ತಾನಾಗಿ ಕೆಳಗಿಳಿದು ಟೋಪಿಯ ಗೋಡೆಯಾಗುತ್ತದೆ. ಎಷ್ಟನೆಯ ಸುತ್ತಿಗೆ ಬಿಡಬೇಕು? ಅದು ದಾರದ ದಪ್ಪಕ್ಕೂ ಎಡಗೈ ಬೆರಳಿನ ಬಿಗಿಗೂ ಸೇರಿದ ವಿಷಯ. ಒಬ್ಬರ ಲೆಕ್ಕ ಇನ್ನೊಬ್ಬರ ಕೈಗೆ ಹೊಂದುವುದಿಲ್ಲ. ಕೊನೆಗೆ ತೆಳುವಾದ ಗಂಜಿಯಲ್ಲಿ ಅದ್ದಿ, ತಲೆಯಳತೆಯ ಪಾತ್ರೆಗೆ ಹಾಕಿ ಒಣಗಿಸಿದರೆ ಆಕಾರ ನಿಲ್ಲುತ್ತದೆ.

ಈ ಟೋಪಿಗೆ ಮುಂದೆ ಚಾಚಿದ ಅಂಚಿಲ್ಲ. ನಮಾಜಿನ ಸಜ್ದಾದಲ್ಲಿ ಹಣೆ, ಮೂಗು ನೆಲ ಮುಟ್ಟಬೇಕು. ಅದಕ್ಕೆ ಯಾವುದೂ ಅಡ್ಡ ಬರಬಾರದು. ಗಂಡಸರು ಟೋಪಿ ಹಾಕಲೇಬೇಕೆಂಬ ಆಜ್ಞೆ ಕುರಾನಿನಲ್ಲಿಲ್ಲ. ಪ್ರವಾದಿಯವರು ರುಮಾಲು ಸುತ್ತುತ್ತಿದ್ದರೆಂಬ ಪರಂಪರೆ, ದೇವರೆದುರು ಬರಿತಲೆಯಲ್ಲಿ ನಿಲ್ಲಬಾರದೆಂಬ ಅದಬು ಟೋಪಿಯ ರೂಢಿಯನ್ನು ಬೆಳೆಸಿವೆ. ಹಜ್ ಯಾತ್ರೆಯ ಇಹ್ರಾಮ್ ಎಂಬ ವ್ರತಸ್ಥಿತಿಯಲ್ಲಂತೂ ಗಂಡಸರು ತಲೆ ಮುಚ್ಚುವಂತೆಯೇ ಇಲ್ಲ.

ಇನ್ನು ಹೆಂಗಸರ ತಲೆವಸ್ತ್ರದ ಮಾತು ಕುರಾನಿನ 24ನೇ ಅಧ್ಯಾಯದಲ್ಲಿದೆ. ಅದರ 31ನೇ ವಚನ ತಲೆಯ ಮೇಲಿನ ವಸ್ತ್ರವನ್ನು ಎದೆಗೂ ಹೊದೆದುಕೊಳ್ಳಲು ಹೇಳುತ್ತದೆ. ತಲೆಗೆ ವಸ್ತ್ರ ಹಾಕುವ ರೂಢಿ ಅರಬ್ ಹೆಂಗಸರಲ್ಲಿ ಅದಕ್ಕೂ ಮೊದಲೇ ಇತ್ತು. ಆ ವಚನಕ್ಕಿಂತ ಮುಂಚಿನ 30ನೇ ವಚನ ಗಂಡಸರಿಗೆ ದೃಷ್ಟಿ ತಗ್ಗಿಸಿ ನಡೆಯಲು ಹೇಳುತ್ತದೆ. ಎರಡನ್ನೂ ಜೋಡಿಸಿಯೇ ಓದಬೇಕು.

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಿರಿಯ ಮುಸ್ಲಿಂ ಹೆಂಗಸರು ತಲೆ ಮುಚ್ಚುವ ಈ ಮರ್ಯಾದೆಯನ್ನು ಇಳಕಲ್ಲ ಸೀರೆಯ ಸೆರಗಿನಲ್ಲೇ ನಡೆಸಿಕೊಂಡು ಬಂದವರು. ಓಣಿಯ ಲಿಂಗಾಯತ ಅಜ್ಜಿಯ ತಲೆಯ ಮೇಲೂ ಟೋಪ್ ತೆನಿ ಎಂದು ಕರೆಯುವ ಅದೇ ಕೆಂಪು ಸೆರಗು. ನೇಕಾರರು ಈ ಸೆರಗನ್ನು ಸೀರೆಗೆ ಕೂಡಿಸುವ ರೀತಿ ಎಷ್ಟು ನೋಡಿದರೂ ಸಾಲದು: ಸೀರೆಯ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಒಂದೊಂದೇ ಹತ್ತಿಯ ಎಳೆಗೆ ರೇಷ್ಮೆಯ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ.