ಹಳಿಯ ಕಸ ಮತ್ತು ರೈಲಿನ ವಿಳಂಬ

ನ್ಯೂಯಾರ್ಕ್ ನಗರದ ಸುರಂಗ ರೈಲು ವ್ಯವಸ್ಥೆಯಲ್ಲಿ 472 ನಿಲ್ದಾಣಗಳಿವೆ. ಇಲ್ಲಿ ಸ್ವಚ್ಛತೆಯು ಕೇವಲ ಅಂದಚೆಂದದ ವಿಷಯವಲ್ಲ. ರೈಲಿಗೆ ವಿದ್ಯುತ್ ಒದಗಿಸುವ ಮೂರನೆಯ ಹಳಿಯ ಬಳಿ ಹಾರುವ ಕಿಡಿ ಒಣ ಕಾಗದಕ್ಕೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕೂಡಲೇ ವಿದ್ಯುತ್ ಕಡಿತಗೊಳಿಸಬೇಕು. ಹಿಂದಿನ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಚರಂಡಿಯಲ್ಲಿ ಕಸ ಕಟ್ಟಿಕೊಂಡರಂತೂ ನೀರು ನಿಂತು ಸಿಗ್ನಲ್ ಉಪಕರಣಗಳು ಕೆಡುತ್ತವೆ.

2011ರಲ್ಲಿ ಆಡಳಿತವು ಎರಡು ನಿಲ್ದಾಣಗಳಲ್ಲಿ ಪ್ರಾಯೋಗಿಕವಾಗಿ ಕಸದ ಡಬ್ಬಿಗಳನ್ನೇ ತೆಗೆಸಿತು. ಡಬ್ಬಿಯಿಲ್ಲದಿದ್ದರೆ ಪ್ರಯಾಣಿಕರು ಕಸವನ್ನು ತಾವೇ ಹೊರಗೆ ಒಯ್ಯುವರೆಂಬುದು ವಿಚಿತ್ರವೆನಿಸಿದರೂ ಅಧಿಕಾರಿಗಳ ಎಣಿಕೆಯಾಗಿತ್ತು. 39 ನಿಲ್ದಾಣಗಳಿಗೆ ವಿಸ್ತರಿಸಿದ ಈ ಪ್ರಯೋಗವನ್ನು 2017ರಲ್ಲಿ ಕೈಬಿಡಲಾಯಿತು. ಅದಕ್ಕೂ ಮುನ್ನ, 2015ರಲ್ಲಿ, ರಾಜ್ಯದ ಕಂಟ್ರೋಲರ್ ಥಾಮಸ್ ಡಿನಾಪೊಲಿ ಅವರ ಲೆಕ್ಕಪರಿಶೋಧನಾ ವರದಿಯು, ಮೂರು ವಾರಕ್ಕೊಮ್ಮೆ ಹಳಿ ಶುಚಿಗೊಳಿಸುವ ನಿಯಮವು ಬಹುಪಾಲು ನೆಲದಡಿಯ ನಿಲ್ದಾಣಗಳಲ್ಲಿ ಪಾಲನೆಯಾಗಿಲ್ಲವೆಂದು ತಿಳಿಸಿತ್ತು.

ವಿಳಂಬಕ್ಕೆಲ್ಲ ಕಸವೇ ಕಾರಣವಲ್ಲ. ದಶಕಗಳಷ್ಟು ಹಳೆಯ ಸಿಗ್ನಲ್‌ಗಳ ಪಾಲೂ ದೊಡ್ಡದು. ಆದರೆ ಶುಚಿಗೊಳಿಸುವ ವೆಚ್ಚವನ್ನು ಮೊಟಕುಗೊಳಿಸಿದಾಗ ಉಳಿತಾಯವು ರೈಲು ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ನಷ್ಟವು ಕೆಲಸಗಾರ ತಡವಾಗಿ ಬಂದ ಅಂಗಡಿಯಲ್ಲಿ, ಪಾಳಿ ತಪ್ಪಿದ ಕಾರ್ಖಾನೆಯಲ್ಲಿ ಹಂಚಿಹೋಗುತ್ತದೆ. ಅದನ್ನು ಯಾವ ಖಾತೆಗೂ ಖರ್ಚು ಹಾಕುವಂತಿಲ್ಲ.

2017ರ ಜೂನ್‌ನಲ್ಲಿ ರಾಜ್ಯಪಾಲ ಆಂಡ್ರ್ಯೂ ಕ್ಯುಮೊ ಸಾರಿಗೆ ಸಂಸ್ಥೆಗೆ ಸಂಬಂಧಿಸಿದಂತೆ ತುರ್ತುಸ್ಥಿತಿ ಘೋಷಿಸಿದರು. ಮರುತಿಂಗಳೇ 145ನೆಯ ಬೀದಿಯ ನಿಲ್ದಾಣದಲ್ಲಿ ಹಳಿಯ ಕಸಕ್ಕೆ ಬೆಂಕಿ ತಗುಲಿ, ಕೆಲವರು ಅಸ್ವಸ್ಥರಾಗಿ, ಬೆಳಗಿನ ಸಂಚಾರ ಅಸ್ತವ್ಯಸ್ತವಾಯಿತು. ಬಳಿಕ ಕಸ ಹೀರುವ ಹೊಸ ಯಂತ್ರಗಳಿಗೆ ಹಣ ವಿನಿಯೋಗಿಸಲಾಯಿತು.