ಮುಂಜಾವಿನ ನಹಾರಿ ಮತ್ತು ಎಲುಬಿನ ಆರೋಗ್ಯ

ಬೆಳಕು ಹರಿಯುವ ಹೊತ್ತಿಗೇ ಜನ ಕಿಕ್ಕಿರಿಯುವ ಹೋಟೆಲುಗಳು ಹೈದರಾಬಾದ್-ಸಿಕಂದರಾಬಾದ್ ಅವಳಿ ನಗರಗಳಲ್ಲಿ ಹಲವಿವೆ. ಅಲ್ಲಿಗೆ ಬರುವವರಲ್ಲಿ ಅನೇಕರ ಅಪೇಕ್ಷೆ ನಹಾರಿ. ಹಗಲು ಎಂಬರ್ಥದ ‘ನಹಾರ್’ ಎಂಬ ಅರಬ್ಬಿ ಶಬ್ದದಿಂದ ಬಂದ ಹೆಸರಿದು. ಕುರಿಯ ಕಾಲು ಮತ್ತು ನಾಲಿಗೆಗಳನ್ನು, ಬಟ್ಟೆಯಲ್ಲಿ ಕಟ್ಟಿದ ಮಸಾಲೆಯ ಗಂಟಿನೊಡನೆ ಸಣ್ಣ ಉರಿಯ ಮೇಲೆ ಇರುಳೆಲ್ಲ ಬೇಯಿಸಿ, ಮುಂಜಾನೆ ಚೌಕಾಕಾರದ ಕುಲ್ಚಾದೊಂದಿಗೆ ಬಡಿಸುವರು. ವಿಯಟ್ನಾಮಿನ ಜನ ಬೆಳಗಿನ ಉಪಾಹಾರವಾಗಿ ಸವಿಯುವ ‘ಫೋ’ ಸಹ ಇದೇ ಜಾತಿಯದು. ಗಂಟೆಗಟ್ಟಲೆ ಕುದಿಸಿದ ಎಲುಬಿನ ತಿಳಿಸಾರಿಗೆ ಅಲ್ಲಿ ಅಕ್ಕಿಯ ಶಾವಿಗೆ ಸೇರುತ್ತದೆ. ಸಸ್ಯಾಹಾರಿಗಳು ನಮ್ಮ ಬಸ್ಸಾರನ್ನು ನೆನೆದುಕೊಳ್ಳಬಹುದು; ಬೇಯಿಸಿ ಬಸಿದ ನೀರಿನಲ್ಲೇ ಅದರ ರುಚಿಯೂ ಅಡಗಿದೆ.

ಮೂಳೆ ಮುರಿದವರಿಗೆ ಕಾಲಿನ ಸೂಪು ಕುಡಿಸಿದರೆ ಬೇಗ ಕೂಡಿಕೊಳ್ಳುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಎಲುಬಿನಲ್ಲಿ ಸುಣ್ಣದ ಅಂಶ ಹೇರಳವಾಗಿರುವುದು ನಿಜ. ಆದರೆ ಎಷ್ಟು ಕುದಿಸಿದರೂ ಅದು ನೀರಿಗಿಳಿಯುವುದು ಅತ್ಯಲ್ಪ. ಸಾರಿಗೆ ಇಳಿಯುವುದು ಮುಖ್ಯವಾಗಿ ಕೊಲಾಜೆನ್ ಕರಗಿ ಉಂಟಾದ ಜೆಲಾಟಿನ್. ತುಟಿಗೆ ಅಂಟುವ ಜಿಗುಟಿಗೂ, ಆರಿದ ಸಾರು ಗಟ್ಟಿಯಾಗುವುದಕ್ಕೂ ಅದೇ ಕಾರಣ. ಇದೊಂದು ಸಸಾರಜನಕವೇ ಆದರೂ ಅಪೂರ್ಣವಾದುದು, ಏಕೆಂದರೆ ಟ್ರಿಪ್ಟೋಫ್ಯಾನ್ ಎಂಬ ಅತ್ಯಗತ್ಯ ಅಮೈನೋ ಆಮ್ಲ ಇದರಲ್ಲಿಲ್ಲ. ಕುಡಿದ ಜೆಲಾಟಿನ್ ನೇರವಾಗಿ ಮೊಣಕಾಲಿಗೆ ಹೋಗಿ ಸೇರುವುದೂ ಇಲ್ಲ. ಜೀರ್ಣಾಂಗಗಳಲ್ಲಿ ಅದು ಒಡೆದು ಚೂರಾಗುತ್ತದೆ. ಸುಣ್ಣವೇ ಬೇಕೆಂದಾದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಅಧಿಕವಾಗಿದೆ. ಊರಿನಿಂದ ತಂದ ರಾಗಿಹಿಟ್ಟನ್ನು ಡಬ್ಬಿಯಲ್ಲಿಟ್ಟು ಮರೆತು, ಪೇಟೆಯ ಸೂಪಿಗೆ ಹಣ ತೆರುವ ಲೆಕ್ಕಾಚಾರ ವಿಚಿತ್ರವೇ ಸರಿ.

ನಹಾರಿ ತ್ಯಾಜ್ಯವೆಂದು ಇದರರ್ಥವಲ್ಲ. ಬಿಸಿಯಾದ, ಹಸಿವನ್ನು ತಣಿಸುವ, ರುಚಿಕರವಾದ ಆಹಾರವದು. ಎಚ್ಚರ ವಹಿಸಬೇಕಾದವರು ಇಬ್ಬರು. ಮಾಂಸದಲ್ಲಿರುವ ಪ್ಯೂರಿನ್ ಎಂಬ ವಸ್ತು ಸಾರಿನಲ್ಲಿ ಕರಗುತ್ತದೆ. ದೇಹದಲ್ಲಿ ಅದು ಯೂರಿಕ್ ಆಮ್ಲವಾಗುವುದರಿಂದ, ಹೆಬ್ಬೆರಳಿನ ಸಂದು ಊದಿ ನೋಯುವ ಗೌಟ್ ರೋಗವುಳ್ಳವರಿಗೆ ಇದು ಹಿತವಲ್ಲ. ಎರಡನೆಯವರು ರಕ್ತದ ಒತ್ತಡವುಳ್ಳವರು. ದಿನವೊಂದಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಟೆಲಿನ ಸಾರಿನಲ್ಲಿ ಉಪ್ಪೆಷ್ಟೆಂದು ನಾಲಿಗೆ ಹೇಳಲಾರದು, ಮಸಾಲೆ ಅದನ್ನು ಮರೆಮಾಡುತ್ತದೆ. ಇಂಥವರು ತುಂಡನ್ನು ತಿಂದು ಸಾರನ್ನು ಬಟ್ಟಲಿನಲ್ಲೇ ಉಳಿಸುವುದು ಲೇಸು.

ಇನ್ನು ಜನಸಂದಣಿಯ ವಿಚಾರ. ಸರಕು ಬೇಗ ಖರ್ಚಾಗುವ ಅಂಗಡಿಯಲ್ಲಿ ದಾಸ್ತಾನು ಹಳಸುವುದಿಲ್ಲವೆಂಬ ವ್ಯಾಪಾರದ ತತ್ತ್ವ ಹೋಟೆಲಿಗೂ ಸಲ್ಲುತ್ತದೆ. ಸದಾ ಕುದಿಯುವ ಹಂಡೆಯಿಂದ ಅಪಾಯ ಕಡಿಮೆ. ಅಪಾಯವಿರುವುದು ಪಕ್ಕದಲ್ಲಿಡುವ ಹಸಿ ಈರುಳ್ಳಿ, ಪುದೀನ, ಕುಡಿಯುವ ನೀರು, ಮತ್ತು ಅವಸರದಲ್ಲಿ ಒಂದೇ ಬಕೆಟಿನಲ್ಲಿ ಅದ್ದಿ ತೆಗೆದ ಬಟ್ಟಲುಗಳಲ್ಲಿ. ಕೂರುವ ಮುನ್ನ ಪಾತ್ರೆ ತೊಳೆಯುವ ಮೂಲೆಯತ್ತ ಒಮ್ಮೆ ಕಣ್ಣು ಹಾಯಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಮಿಕ್ಕಿದ್ದನ್ನು ಮನೆಗೆ ಕಟ್ಟಿಸಿಕೊಂಡು ಬಂದವರು ಎರಡು ಗಂಟೆಯೊಳಗೆ ಅದನ್ನು ಫ್ರಿಜ್ಜಿಗೆ ಸೇರಿಸಿ, ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ತೆಗೆದು, ಚೆನ್ನಾಗಿ ಕುದಿಸಿಯೇ ಬಳಸತಕ್ಕದ್ದು.